ಕೊಳೆತ ಸರಕಿನ ವಕಾಲತ್ತು

ಜಪ್ತಿ ಎಂಬ ಮಾತು ಕನ್ನಡಿಗನ ಕಿವಿಗೆ ಎಂದೂ ಇಂಪಾಗಿ ಬಿದ್ದದ್ದಿಲ್ಲ. 1930ರ ಏಪ್ರಿಲ ತಿಂಗಳಲ್ಲಿ ಅಂಕೋಲೆಯ ಕಡಲ ದಂಡೆಯ ಮೇಲೆ ಉಪ್ಪಿನ ಕಾಯಿದೆಯನ್ನು ಮುರಿದವರು ಸೆರೆಮನೆಯನ್ನು ಕಂಡರು. ಅದರ ಬೆನ್ನಿಗೇ ಬಂದ ಕರನಿರಾಕರಣೆಯ ದಿನಗಳಲ್ಲಿ ಅಂಕೋಲೆ, ಸಿದ್ದಾಪುರಗಳ ರೈತರ ಹೊಲಮನೆಗಳು ಜಪ್ತಿಯಾದವು. ಅಂದಿನ ಸರಕಾರವು ಕೈಯಿಕ್ಕಿದ್ದು ಶುದ್ಧವಾದ ಉಪ್ಪಿನ ಮೇಲೆ, ಬೆವರು ಸುರಿಸಿ ಸಾಗಿಸಿದ ಹೊಲದ ಮೇಲೆ. ಆದುದರಿಂದ ಸರಕಾರದ ಸಿಪಾಯಿಯು ಯಾರದಾದರೂ ಅಂಗಡಿಯಿಂದ ಒಂದು ಡಬ್ಬಿಯನ್ನು ಹೊತ್ತುಕೊಂಡು ಹೊರಟನೆಂದರೆ ನಮ್ಮ ಜನರ ಮನಸ್ಸು ಅಂಗಡಿಕಾರನ ಕಡೆಗೇ ವಾಲುವದು ಸಹಜವಾಗಿದೆ. ಇದಕ್ಕೆ ನಾನೂ ಹೊರತಾದವನಲ್ಲ.

ಆದರೆ ಈ ಸಹಜವಾದ ಮರುಕವನ್ನೇ ಬಂಡವಾಳ ಮಾಡಿಕೊಂಡು ಒಂದು ವಾದವು ನಮ್ಮ ಊರುಗಳಲ್ಲಿ ಸಂಚರಿಸುತ್ತಿದೆ. "ವಿಚಾರಣೆಯಾಗದೆ ಯಾರ ಸೊತ್ತನ್ನೂ ಮುಟ್ಟಕೂಡದು, ಕೆಟ್ಟಿದೆಯೋ ಇಲ್ಲವೋ ಎಂಬದನ್ನು ಮೊದಲು ಕೋರ್ಟು ತೀರ್ಮಾನಿಸಲಿ, ಅಲ್ಲಿಯ ವರೆಗೆ ಸರಕು ಅಂಗಡಿಯಲ್ಲಿಯೇ ಇರಲಿ" ಎಂಬದು ಆ ವಾದ. ಇದನ್ನು ಆಡುವವರಲ್ಲಿ ನನ್ನ ವೃತ್ತಿಬಾಂಧವರೂ ಇದ್ದಾರೆ. ಸ್ವಾತಂತ್ರ್ಯ, ಸೊತ್ತಿನ ಹಕ್ಕು, ಸಹಜ ನ್ಯಾಯ ಮೊದಲಾದ ದೊಡ್ಡ ದೊಡ್ಡ ಶಬ್ದಗಳನ್ನು ಕೊಳೆತ ಮೀನಿನ ಬುಟ್ಟಿಯ ಮೇಲೆ ಹೊದಿಸುವ ವಿದ್ಯೆಯು ನಮ್ಮಂಥವರಿಗಲ್ಲದೆ ಮತ್ತಾರಿಗೆ ಬಂದೀತು? ಈ ವಾದವು ಹೊಸದೇನೂ ಅಲ್ಲ. ನೂರು ವರುಷಗಳಿಗೂ ಹಿಂದೆ ಅಮೇರಿಕೆಯ ಶ್ರೇಷ್ಠ ನ್ಯಾಯಾಸ್ಥಾನದಲ್ಲಿ ಇದನ್ನು ಆಡಿದವರು ಸೋತುಹೋಗಿದ್ದಾರೆ. ಸೋತದ್ದು ಹೇಗೆಂಬದನ್ನು ವಾಚಕರು ತಿಳಿಯತಕ್ಕದ್ದು. ಗೆದ್ದ ಪಕ್ಷದವರು ಎಲ್ಲಿ ಒಂದು ಹೆಜ್ಜೆ ಹೆಚ್ಚು ಇಟ್ಟರೆಂಬದನ್ನೂ ತಿಳಿಯತಕ್ಕದ್ದು.

ಶಿಕಾಗೋ ಪಟ್ಟಣವು ಆ ಕಾಲಕ್ಕೆ ಅಮೇರಿಕೆಯ ಮಾಂಸದ ವ್ಯಾಪಾರದ ರಾಜಧಾನಿಯಾಗಿತ್ತು. ಅಪ್ಟನ್ ಸಿಂಕ್ಲೇರನು ಅಲ್ಲಿಯ ಕಸಾಯಿಖಾನೆಗಳ ಕೂಲಿಕಾರರ ಬವಣೆಯನ್ನು ಜಗತ್ತಿಗೆ ಕಾಣಿಸಬೇಕೆಂದು ಬರೆದ 'ದಿ ಜಂಗಲ್' ಎಂಬ ಕಾದಂಬರಿಯು 1906ರಲ್ಲಿ ಪುಸ್ತಕವಾಗಿ ಹೊರಬಿದ್ದಿತು. ದೇಶವು ಕೂಲಿಕಾರರನ್ನು ನೋಡಲಿಲ್ಲ. ತನ್ನ ತಟ್ಟೆಯೊಳಗಿನ ಮಾಂಸವನ್ನು ನೋಡಿ ಹೌಹಾರಿತು. ಅದೇ ವರುಷದ ಅಕ್ಟೋಬರದಲ್ಲಿ ಶಿಕಾಗೋ ನಗರದ ಅಧಿಕಾರಿಗಳು ನಾರ್ತ್ ಅಮೇರಿಕನ್ ಕೋಲ್ಡ್ ಸ್ಟೋರೇಜ್ ಕಂಪನಿಯ ಬಾಗಿಲಿಗೆ ಹೋಗಿ, ಅಲ್ಲಿ ಇಟ್ಟಿದ್ದ 47 ಪೀಪಾಯಿ ಕೋಳಿಯ ಮಾಂಸವು ಕೊಳೆತು ಮನುಷ್ಯರ ಆಹಾರಕ್ಕೆ ಅಯೋಗ್ಯವಾಗಿದೆ, ಅದನ್ನು ಒಪ್ಪಿಸಿರಿ, ನಾಶಪಡಿಸುತ್ತೇವೆ, ಎಂದು ಕೇಳಿದರು. ನಗರದ ಕಟ್ಟಳೆಯು ಅವರಿಗೆ ಆ ಅಧಿಕಾರವನ್ನು ಕೊಟ್ಟಿತ್ತು. ಮಾಲಕನಿಗೆ ಮುಂಚಿತವಾಗಿ ನೋಟೀಸು ಕೊಡಬೇಕೆಂದಾಗಲಿ, ಅವನ ಮಾತನ್ನು ಕೇಳಬೇಕೆಂದಾಗಲಿ ಅದರಲ್ಲಿ ಇದ್ದಿಲ್ಲ. ಕಂಪನಿಯು ಒಪ್ಪಿಸಲಿಲ್ಲ. ಅಧಿಕಾರಿಗಳು ಆ ಉಗ್ರಾಣದ ಒಳಕ್ಕೂ ಹೊರಕ್ಕೂ ಸರಕಿನ ಓಡಾಟವನ್ನೇ ತಡೆದು ವ್ಯಾಪಾರವನ್ನು ನಿಲ್ಲಿಸಹತ್ತಿದರೆಂದು ಕಂಪನಿಯು ಕೋರ್ಟಿಗೆ ದೂರು ಒಯ್ದಿತು.

ಕಂಪನಿಯ ವಕೀಲರ ವಾದವು ಮೇಲು ನೋಟಕ್ಕೆ ಬಹಳ ಸೊಗಸಾದದ್ದು. ಕೋಳಿಯು ಬೀದಿಯಲ್ಲಿ ಬಿಸಿಲಿಗೆ ಬಿದ್ದಿಲ್ಲ, ಹಿಮದಂಥ ತಂಪಿನ ಕೋಣೆಯಲ್ಲಿದೆ. ಇಂದು ಇದ್ದಂತೆಯೇ ನಾಳೆಯೂ ಇರುವದು. ಹೀಗಿರಲು ವಿಚಾರಣೆಗೆ ನಾಲ್ಕು ದಿನ ತಡೆದರೆ ಯಾರ ಗಂಟು ಹೋಗುವದು? ಅಮೇರಿಕೆಯ ರಾಜ್ಯಘಟನೆಯ ಹದಿನಾಲ್ಕನೆಯ ತಿದ್ದುಪಡಿಯು ನ್ಯಾಯಬದ್ಧವಾದ ಕ್ರಮವಿಲ್ಲದೆ ಯಾರ ಸೊತ್ತನ್ನೂ ಕಸಿಯಬಾರದೆಂದು ಸಾರಿರುವಾಗ ಅಧಿಕಾರಿಯ ಮೂಗೇ ನ್ಯಾಯಾಸ್ಥಾನವಾಗಬಹುದೇ?

1908ರಲ್ಲಿ ನ್ಯಾಯಮೂರ್ತಿ ಪೆಕ್‌ಹ್ಯಾಮರು ಕೊಟ್ಟ ತೀರ್ಪಿನ ತಾತ್ಪರ್ಯವು ಹೀಗಿದೆ. ಕೊಳೆತ ಆಹಾರವು ಸಾರ್ವಜನಿಕ ಪೀಡೆ. ಅದನ್ನು ಇಟ್ಟುಕೊಳ್ಳುವ ಹಕ್ಕೇ ಯಾರಿಗೂ ಇಲ್ಲ. ವಿಚಾರಣೆ ಮುಗಿಯುವ ವರೆಗೆ ಅದು ಮಾರಾಟವಾಗಿ ಹೋಗುವ ಅಪಾಯವನ್ನು ಜನರು ಹೊರಬೇಕೋ, ತಪ್ಪು ಜಪ್ತಿಯ ನಷ್ಟವನ್ನು ಮಾಲಕನು ಕೆಲಕಾಲ ಹೊರಬೇಕೋ ಎಂಬ ಪ್ರಶ್ನೆಯಲ್ಲಿ ಕಾಯಿದೆ ಮಾಡುವವರು ಜನರ ಪಕ್ಷವನ್ನು ಹಿಡಿಯಬಹುದು. ಆದುದರಿಂದ ಮುಂಚಿತವಾದ ವಿಚಾರಣೆಯು ಅವಶ್ಯವಲ್ಲ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ತೀರ್ಪಿನ ಇನ್ನೊಂದು ಅರ್ಧವನ್ನು ಓದುವವರು ಕಡಿಮೆ. ತನ್ನ ಸರಕು ನಾಶವಾದ ಮೇಲೆ ಮಾಲಕನು ಅಧಿಕಾರಿಗಳ ಮೇಲೆ ನಷ್ಟಭರ್ತಿಯ ದಾವೆಯನ್ನು ಹೂಡಬಹುದು. ಆ ದಾವೆಯಲ್ಲಿ ಅಧಿಕಾರಿಯು "ಅದು ಕೊಳೆತಿದೆಯೆಂದು ನಾನು ಆಗಲೇ ನಿರ್ಣಯಿಸಿದ್ದೇನೆ" ಎಂದರೆ ನಡೆಯದು. ಅದು ನಿಜವಾಗಿಯೂ ಕೊಳೆತಿತ್ತೆಂಬದನ್ನು ಅವನು ಪುರಾವೆಯಿಂದ ಸಿದ್ಧಪಡಿಸಬೇಕು.

ನನ್ನ ಮಿತ್ರರು ವಿಚಾರಣೆಯೇ ಇಲ್ಲವೆಂದು ಕೂಗುವದು ಈ ಅರ್ಧವನ್ನು ಮುಚ್ಚಿಟ್ಟು. ವಿಚಾರಣೆ ಇದೆ, ಅದು ಜಪ್ತಿಯ ಹಿಂದಿನಿಂದ ಬರುವದು, ಅಷ್ಟೆ. ಹುಚ್ಚು ನಾಯಿಯನ್ನು ಹಿಡಿದು ಕಟ್ಟುವ ಮುಂಚೆ ಅದರ ಯಜಮಾನನಿಗೆ ಸಮನ್ಸು ಜಾರಿ ಮಾಡುವ ಊರು ಎಲ್ಲಿಯಾದರೂ ಉಂಟೇ? ಸೊತ್ತಿನ ಹಾನಿಗೆ ರೂಪಾಯಿಯಿಂದ ಪರಿಹಾರವುಂಟು. ವಿಷದ ಅನ್ನ ಉಂಡು ಸತ್ತ ಕೂಸಿಗೆ ಯಾವ ಕೋರ್ಟಿನ ಡಿಕ್ರಿಯು ಜೀವ ತುಂಬೀತು?

ಇಷ್ಟನ್ನು ಹೇಳಿದ ಮೇಲೆ ನಾನು ಆ ನ್ಯಾಯಾಧೀಶರ ಎಲ್ಲ ಮಾತಿಗೂ ತಲೆದೂಗುವವನಲ್ಲವೆಂಬದನ್ನೂ ಹೇಳಬೇಕು. ಆ ಪೀಠದಲ್ಲಿಯೇ ಬ್ರೂಅರ್ ಎಂಬ ನ್ಯಾಯಮೂರ್ತಿಗಳು ತೀರ್ಪಿಗೆ ಒಪ್ಪಲಿಲ್ಲ. ಹಿಡಿಯುವದು ಬೇರೆ, ಸುಡುವದು ಬೇರೆ. ಹಿಡಿಯುವದಕ್ಕೆ ಕ್ಷಣದ ತಡವೂ ಆಗಬಾರದು; ಆದರೆ ತಂಪಿನ ಕೋಣೆಯಲ್ಲಿ ಮುದ್ರೆಯೊತ್ತಿ ಇಟ್ಟ ಪೀಪಾಯಿಯನ್ನು ಅದೇ ಸಂಜೆ ಸುಟ್ಟುಬಿಡುವದಕ್ಕೆ ಏನು ಅವಸರ? ಇಂಗ್ಲೆಂಡಿನ 1875ರ ಸಾರ್ವಜನಿಕ ಆರೋಗ್ಯದ ಕಾಯಿದೆಯು ಈ ವಿಷಯದಲ್ಲಿ ಹೆಚ್ಚು ಜಾಣತನದ್ದು. ಅಲ್ಲಿ ವೈದ್ಯಾಧಿಕಾರಿಯು ಕೆಟ್ಟ ಮಾಂಸ, ಮೀನು, ಹಣ್ಣು, ಹಾಲುಗಳನ್ನು ಕಂಡಲ್ಲಿ ಹಿಡಿಯಬಹುದು. ಆದರೆ ಹಿಡಿದದ್ದನ್ನು ಮ್ಯಾಜಿಸ್ಟ್ರೇಟನ ಮುಂದೆ ಒಯ್ಯಬೇಕು. ಅವನು ನೋಡಿ ಅಯೋಗ್ಯವೆಂದರೆ ಮಾತ್ರ ಅದು ನಾಶವಾಗುವದು. ಇಷ್ಟೇ ಅಲ್ಲ, ಆ ಸರಕಿನ ಒಡೆಯನಿಗೆ ತುಂಡೊಂದಕ್ಕೆ ಇಪ್ಪತ್ತು ಪೌಂಡುಗಳ ವರೆಗೆ ದಂಡ, ಇಲ್ಲವೆ ದಂಡವಿಲ್ಲದೆ ನೇರವಾಗಿ ಮೂರು ತಿಂಗಳ ವರೆಗೆ ಸೆರೆ. ನಮ್ಮನ್ನು ಆಳಿದ ಆಂಗ್ಲರನ್ನು ಹೊಗಳಲು ನನ್ನ ಲೇಖನಿ ಸಹಜವಾಗಿ ಒಲಿಯುವದಿಲ್ಲ; ಆದರೆ ನೋಡುವ ಕಣ್ಣು ಒಬ್ಬನದು, ತೀರ್ಮಾನಿಸುವ ಬಾಯಿ ಇನ್ನೊಬ್ಬನದು ಎಂಬ ಈ ಏರ್ಪಾಡಿನಲ್ಲಿ ವಿವೇಕವಿದೆಯೆಂದು ಒಪ್ಪದಿದ್ದರೆ ಸುಳ್ಳಾಡಿದಂತಾಗುವದು.

ತಂಪಿನ ಕೋಣೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶಿಕಾಗೋದ ತೀರ್ಪು ಬಂದ ಅದೇ 1908ರಲ್ಲಿ ಅಮೇರಿಕೆಯ ಸರಕಾರವು ಫಿಲಡೆಲ್ಫಿಯಾದಲ್ಲಿ ಆಹಾರ ಸಂಶೋಧನೆಯ ಪ್ರಯೋಗಶಾಲೆಯೊಂದಕ್ಕೆ ಮೇರಿ ಪೆನ್ನಿಂಗ್ಟನ್ ಎಂಬ ವಿದುಷಿಯನ್ನು ಮುಖ್ಯಸ್ಥಳನ್ನಾಗಿ ಮಾಡಿತು. ಕೋಳಿ, ತತ್ತಿ, ಹಾಲುಗಳನ್ನು ಎಷ್ಟು ತಂಪಿನಲ್ಲಿ, ಹೇಗೆ ಇಟ್ಟರೆ ಕೆಡುವದಿಲ್ಲ ಎಂಬದನ್ನು ಆಕೆ ವ್ಯಾಪಾರಿಗಳಿಗೆ ಕಲಿಸಿದಳು. ಒಂದು ಕೈಯಿಂದ ಜಪ್ತಿ, ಇನ್ನೊಂದು ಕೈಯಿಂದ ಶಿಕ್ಷಣ. ನಮ್ಮಲ್ಲಿ ಮೊದಲನೆಯ ಕೈಯೇ ಬಹಳ ಉದ್ದವಾಗಿ ಬೆಳೆದಿದೆ.

ಇನ್ನು ದೇಶವ್ಯಾಪಿಯಾದ ಕಾಯಿದೆಯನ್ನು ನೋಡೋಣ. 1906ರ ಜೂನ 30ರಂದು ಅಧ್ಯಕ್ಷ ಥಿಯೊಡೊರ್ ರೂಜ್‌ವೆಲ್ಟರು ಸಹಿ ಮಾಡಿದ ಶುದ್ಧ ಆಹಾರ ಮತ್ತು ಔಷಧದ ಕಾಯಿದೆಯು 1907ರ ಜನೇವರಿ 1ರಿಂದ ಜಾರಿಗೆ ಬಂದಿತು. ಇದರ ಹಿಂದೆ ಇಪ್ಪತ್ತು ವರುಷಗಳಿಗೂ ಮಿಕ್ಕಿ ಹೆಣಗಾಡಿದವರು ಸರಕಾರದ ರಸಾಯನ ಶಾಖೆಯ ಮುಖ್ಯಸ್ಥರಾಗಿದ್ದ ಹಾರ್ವೆ ವೈಲಿ. 1902ರಲ್ಲಿ ಅವರು ಹನ್ನೆರಡು ಮಂದಿ ತರುಣ ಸ್ವಯಂಸೇವಕರನ್ನು ಕೂಡಿಸಿ, ವ್ಯಾಪಾರಿಗಳು ಆಹಾರ ಕೆಡದಂತೆ ಬೆರೆಸುತ್ತಿದ್ದ ಮದ್ದುಗಳನ್ನು ಒಂದೊಂದಾಗಿ ಅವರಿಗೆ ತಿನ್ನಿಸಿ ಪರೀಕ್ಷಿಸಿದರು. ಮೊದಲನೆಯದು ಬೋರಾಕ್ಸ್, ಎಂದರೆ ಬಿಳಿಗಾರ. ದೇಶಕ್ಕಾಗಿ ಲಾಠಿಯ ಪೆಟ್ಟು ತಿಂದ ಸ್ವಯಂಸೇವಕರನ್ನು ನಾವು ಬಲ್ಲೆವು; ದೇಶಕ್ಕಾಗಿ ಊಟದ ಮೇಜಿನ ಮುಂದೆ ಕುಳಿತು ಮದ್ದು ನುಂಗಿದ ಈ ಸ್ವಯಂಸೇವಕರ ಸೇವೆಯೂ ಸಣ್ಣದಲ್ಲ.

ಆ ಕಾಯಿದೆಯು ಹೊಲಸಾದ, ಕೊಳೆತ, ಹಳಸಿದ ಪ್ರಾಣಿಜನ್ಯ ಅಥವಾ ಸಸ್ಯಜನ್ಯ ವಸ್ತುವು ಪೂರ್ತಿಯಾಗಿಯೋ ಅಂಶತಃವಾಗಿಯೋ ಸೇರಿದ ಆಹಾರವನ್ನೆಲ್ಲ ಕಲಬೆರಕೆಯೆಂದು ಕರೆಯಿತು. ಅದರ ಹತ್ತನೆಯ ಕಲಮಿನಂತೆ ಸರಕಾರವು ಮನುಷ್ಯನ ಮೇಲಲ್ಲ, ಸರಕಿನ ಮೇಲೆಯೇ ದಾವೆ ಹೂಡಬಹುದು! ಹಡಗುಗಳ ಮೇಲೆ ದಾವೆ ನಡೆಸುವ ಹಳೆಯ ಪದ್ಧತಿಯಿಂದ ಇದನ್ನು ತೆಗೆದುಕೊಂಡರು. ಹೀಗಾಗಿ ಅಮೇರಿಕೆಯ ಕೋರ್ಟುಗಳ ದಫ್ತರದಲ್ಲಿ "ಸಂಯುಕ್ತ ಸಂಸ್ಥಾನಗಳು ವಿರುದ್ಧ 95 ಪೀಪಾಯಿ ಸಿರ್ಕಾ" ಎಂಬಂಥ ವಿಚಿತ್ರವಾದ ಹೆಸರುಗಳು ಕಾಣಸಿಗುತ್ತವೆ. ಮಾಲಕನು ಬಂದು ಹಾಜರಾಗಬಹುದು, ಪಂಚರ ಮುಂದೆ ವಿಚಾರಣೆಯಾಗಬೇಕೆಂದು ಕೇಳಬಹುದು. ಸರಕಾರವು ತನ್ನ ಮಾತನ್ನು ಸಿದ್ಧಪಡಿಸಿದರೆ ಕೋರ್ಟು ಸರಕನ್ನು ನಾಶಪಡಿಸಬಹುದು, ಇಲ್ಲವೆ ಮಾರಿಸಬಹುದು.

ಇಲ್ಲಿಯೂ ವಕೀಲರ ಚಮತ್ಕಾರವು ಸುಮ್ಮನೆ ಕೂಡ್ರಲಿಲ್ಲ. ಸೇಂಟ್ ಲೂಯಿಯ ಹಿಪೊಲೈಟ್ ಎಗ್ ಕಂಪನಿಯು ತಯಾರಿಸಿದ ಒಡೆದ ತತ್ತಿಯ 50 ಡಬ್ಬಿಗಳನ್ನು ಇಲಿನಾಯ್ ಪ್ರಾಂತದ ಪೀಯೋರಿಯಾ ಪಟ್ಟಣದ ಒಂದು ಬೇಕರಿಯಲ್ಲಿ ಸರಕಾರವು ಹಿಡಿಯಿತು. ಅದರಲ್ಲಿ ಬೋರಿಕ್ ಆಮ್ಲವಿತ್ತು, ವೈಲಿಯವರ ತರುಣರು ತಿಂದ ಮದ್ದಿನ ಬಂಧುವೇ ಅದು. ಕಂಪನಿಯ ವಾದವೇನು? "ಕಾಯಿದೆಯು ಪ್ರಾಂತದಿಂದ ಪ್ರಾಂತಕ್ಕೆ ಸಾಗುವ ಸರಕಿಗೆ ಮಾತ್ರ ಅನ್ವಯಿಸುತ್ತದೆ, ನಮ್ಮ ತತ್ತಿಯು ಪ್ರಯಾಣವನ್ನು ಮುಗಿಸಿ ಬೇಕರಿಯ ಉಗ್ರಾಣವನ್ನು ಸೇರಿದೆ, ಮಾರುವದಕ್ಕೂ ಇಟ್ಟದ್ದಲ್ಲ, ರೊಟ್ಟಿಗೆ ಬೆರೆಸಲು ಇಟ್ಟದ್ದು, ಇನ್ನು ಸಂಯುಕ್ತ ಸರಕಾರಕ್ಕೆ ಅದರ ಮೇಲೆ ಏನೂ ಅಧಿಕಾರವಿಲ್ಲ" ಎಂಬದು! ಮಾರುವದಕ್ಕಲ್ಲವಂತೆ, ಬೆರೆಸುವದಕ್ಕಂತೆ. ಡಬ್ಬಿಯಲ್ಲಿದ್ದರೆ ಗಿರಾಕಿಯು ಹೆಸರನ್ನಾದರೂ ಓದಿಯಾನು, ರೊಟ್ಟಿಯೊಳಗೆ ಸೇರಿದ ಮೇಲೆ ಯಾರಿಗೆ ಗೊತ್ತಾಗುವದು? 1911ರಲ್ಲಿ ನ್ಯಾಯಮೂರ್ತಿ ಮೆಕೆನ್ನಾ ಅವರು ಈ ವಾದವನ್ನು ತಳ್ಳಿಹಾಕಿದರು. ಕಾಯಿದೆಯು ವ್ಯಾಪಾರದಿಂದಲೇ ಬಹಿಷ್ಕರಿಸಿದ ವಸ್ತುವನ್ನು ಎಲ್ಲಿ ಕಂಡರೆ ಅಲ್ಲಿ ಹಿಡಿಯಬಹುದು ಎಂಬದು ಅವರ ನಿರ್ಣಯದ ತಿರುಳು.

ಆದರೆ ವಸ್ತುವನ್ನು ಕಟಕಟೆಯಲ್ಲಿ ನಿಲ್ಲಿಸುವದರಲ್ಲಿ ಒಂದು ದೊಡ್ಡ ಮೋಸವೂ ಉಂಟು. ತತ್ತಿಗೆ ನಾಚಿಕೆಯಿಲ್ಲ, ಪೀಪಾಯಿಗೆ ಸೆರೆಮನೆಯ ಭಯವಿಲ್ಲ. ಡಬ್ಬಿಯನ್ನು ತುಂಬಿದ ಮನುಷ್ಯನಿಗೆ ಸರಕು ಸಾಗಿಸಿದ ಮೊದಲನೆಯ ಅಪರಾಧಕ್ಕೆ ಹೆಚ್ಚೆಂದರೆ 200 ಡಾಲರ ದಂಡ. ಖರ್ಚು ಕೊಟ್ಟು, ಕಾಯಿದೆಗೆ ವಿರುದ್ಧವಾಗಿ ಮಾರುವದಿಲ್ಲವೆಂದು ಜಾಮೀನು ಬರೆದುಕೊಟ್ಟರೆ ಜಪ್ತಿಯಾದ ಮಾಲನ್ನೂ ಅವನು ಮರಳಿ ಪಡೆಯಬಹುದಾಗಿತ್ತು. ಕಾರಖಾನೆಯ ಒಳಗೆ ಕಾಲಿಟ್ಟು ನೋಡುವ ಅಧಿಕಾರವನ್ನು 1906ರ ಕಾಯಿದೆಯು ಅಧಿಕಾರಿಗಳಿಗೆ ಕೊಡಲೇ ಇಲ್ಲ. ಕೊಳಚೆಯ ಒರತೆಯನ್ನು ಬಿಟ್ಟು ಹರಿದ ನೀರಿನ ಬೆನ್ನು ಹತ್ತಿ ಓಡಿದಂತೆ ಆ ಇಲಾಖೆಯು ಮೂವತ್ತು ವರುಷ ಓಡಿತು.

ಓಡಿದುದರ ಪರಿಣಾಮವು 1937ರಲ್ಲಿ ಕಣ್ಣಿಗೆ ಹೊಡೆಯಿತು. ಸಲ್ಫನಿಲಮೈಡ್ ಎಂಬ ಮದ್ದನ್ನು ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ, ರುಚಿಗೆ ಸಿಹಿ ಸೇರಿಸಿ, 'ಎಲಿಕ್ಸಿರ್' ಎಂಬ ಹೆಸರಿನಿಂದ ಒಂದು ಕಂಪನಿಯು ಮಾರಿತು. ನೂರಕ್ಕೂ ಮಿಕ್ಕಿ ಜನರು ಸತ್ತರು, ಅವರಲ್ಲಿ ಬಹಳ ಮಂದಿ ಮಕ್ಕಳು. ಸರಕಾರದ ಅಧಿಕಾರಿಗಳು ಊರೂರು ಅಲೆದು ತಯಾರಾದ 240 ಗ್ಯಾಲನ್ನುಗಳಲ್ಲಿ 234 ಗ್ಯಾಲನ್ನುಗಳಷ್ಟನ್ನು ಹಿಡಿದು ತಂದರು. ಅವರು ಯಾವ ಕಾರಣದಿಂದ ಅದನ್ನು ಜಪ್ತಿ ಮಾಡಿದರು, ಬಲ್ಲಿರಾ? ವಿಷವೆಂದಲ್ಲ! 'ಎಲಿಕ್ಸಿರ್' ಎಂದರೆ ಮದ್ಯಸಾರವಿರಬೇಕು, ಇದರಲ್ಲಿ ಮದ್ಯಸಾರವಿಲ್ಲ, ಆದುದರಿಂದ ಹೆಸರು ಸುಳ್ಳು, ಎಂದು. ಹೆಸರು ಬೇರೆಯಾಗಿದ್ದರೆ ಆ ವಿಷವನ್ನು ಮುಟ್ಟಲು ಕಾಯಿದೆಯಲ್ಲಿ ಆಧಾರವೇ ಇದ್ದಿಲ್ಲ. ಮರುವರುಷ, 1938ರಲ್ಲಿ, ಹೊಸ ಕಾಯಿದೆ ಬಂದಿತು. ಕಾರಖಾನೆಯೊಳಗೆ ಹೋಗಿ ನೋಡುವ ಅಧಿಕಾರವೂ, ಹೊಲಸಿನ ಸ್ಥಳದಲ್ಲಿ ಸಿದ್ಧವಾದ ಆಹಾರವನ್ನು ಕಲಬೆರಕೆಯೆಂದು ಹಿಡಿಯುವ ಅಧಿಕಾರವೂ ಅದರೊಡನೆ ಬಂದವು. ಜಪ್ತಿಯ ಅಧಿಕಾರವು ಹೆಚ್ಚಾಯಿತೆಂದು ಗೋಳಿಡುವವರು ಆ ಮಕ್ಕಳ ತಾಯಂದಿರ ಮುಂದೆ ತಮ್ಮ ವಾದವನ್ನು ಆಡಿ ನೋಡಲಿ.

ನಮ್ಮ ನಾಡಿಗೆ ಬರೋಣ. ಅಮೇರಿಕೆಯು ಯಾವ ಕಾರಣದಿಂದ ದೇಶಕ್ಕೆಲ್ಲ ಒಂದು ಕಾಯಿದೆಯನ್ನು ಮಾಡಬೇಕಾಯಿತೋ ಆ ಕಾರಣವು ನಮ್ಮಲ್ಲಿ ಇನ್ನೂ ಬಲವಾಗಿತ್ತು. ಹರಿಹಂಚಿಹೋದ ಕನ್ನಡ ನಾಡಿನಲ್ಲಿ ಮಂಗಳೂರು ಬಳ್ಳಾರಿಗಳಿಗೆ ಮದರಾಸಿನ 1918ರ ಕಲಬೆರಕೆ ನಿವಾರಣೆಯ ಕಾಯಿದೆ, ಧಾರವಾಡ ವಿಜಾಪುರಗಳಿಗೆ ಮುಂಬಯಿಯ 1925ರ ಕಾಯಿದೆ. ಮೈಸೂರಿನವರು, ನಿಜಾಮನ ರಾಯಚೂರಿನವರು ಇವೆರಡಕ್ಕೂ ಹೊರಗಿನವರು. ತುಂಗಭದ್ರೆಯ ಈ ದಡದ ತುಪ್ಪಕ್ಕೆ ಒಂದು ನ್ಯಾಯ, ಆ ದಡದ ತುಪ್ಪಕ್ಕೆ ಇನ್ನೊಂದು. ಸ್ವತಂತ್ರ ಭಾರತದ ಸಂಸತ್ತು 1954ರಲ್ಲಿ ಮಾಡಿದ ಆಹಾರ ಕಲಬೆರಕೆ ನಿವಾರಣೆಯ ಕಾಯಿದೆಯು 1955ರ ಜೂನ 1ರಂದು ಜಾರಿಗೆ ಬಂದು ಈ ಗೊಂದಲವನ್ನು ಕೊನೆಗಾಣಿಸಿತು. ಕನ್ನಡಿಗರ ಪ್ರಾಂತವು ಒಂದಾದದ್ದು 1956ರ ನವೆಂಬರ 1ರಂದು; ಕನ್ನಡಿಗರ ಅಡಿಗೆಮನೆಗಳು ಅದಕ್ಕೆ ಹದಿನೇಳು ತಿಂಗಳು ಮೊದಲೇ ಒಂದಾಗಿದ್ದವು!

ಈಗ ನಡೆಯುವದು 2006ರ ಆಹಾರ ಸುರಕ್ಷತೆಯ ಕಾಯಿದೆ. ಅದರ 38ನೆಯ ಕಲಮಿನಂತೆ ಅಧಿಕಾರಿಯು ಕಾಯಿದೆಗೆ ವಿರುದ್ಧವೆಂದು ತೋರಿದ ಆಹಾರವನ್ನು ಹಿಡಿಯಬಹುದು, ಇಲ್ಲವೆ ಮಾದರಿಯನ್ನು ತೆಗೆದುಕೊಂಡು ಸರಕನ್ನು ವ್ಯಾಪಾರಿಯ ವಶದಲ್ಲಿಯೇ ಮುಚ್ಚಳಿಕೆಯ ಮೇಲೆ ಇರಿಸಬಹುದು. ಮಾದರಿಯನ್ನು ನಾಲ್ಕು ಭಾಗ ಮಾಡಬೇಕು. ಪರೀಕ್ಷಕನು ಹದಿನಾಲ್ಕು ದಿನಗಳಲ್ಲಿ ವರದಿ ಕೊಡಬೇಕು. ಕಾಗದದ ಮೇಲೆ ಇದು ಶಿಕಾಗೋದ ಕಟ್ಟಳೆಗಿಂತ ಎಷ್ಟೋ ಸೌಮ್ಯವಾದದ್ದು. ಬೀದಿಯಲ್ಲಿ ನಡೆಯುವದೇ ಬೇರೆ.

ಕೆಲವು ವರುಷಗಳ ಕೆಳಗೆ ಹಾಲು ಮಾರುವ ಒಬ್ಬ ಮುದುಕಿಯು ನನ್ನ ಕಚೇರಿಗೆ ಬಂದಳು. ಬೆಳಗಿನ ಸಂತೆಯಲ್ಲಿ ಯಾರೋ ಅಧಿಕಾರಿಯು ಆಕೆಯ ಎರಡು ಕೊಡ ಹಾಲನ್ನು ಕೆಟ್ಟಿದೆಯೆಂದು ಗಟಾರಕ್ಕೆ ಸುರಿಸಿ ಹೋಗಿದ್ದನು. ಮಾದರಿ ತೆಗೆದಿರಲಿಲ್ಲ, ಪಾವತಿ ಕೊಟ್ಟಿರಲಿಲ್ಲ, ಹೆಸರನ್ನೂ ಬರೆದುಕೊಂಡಿರಲಿಲ್ಲ. "ಕೆಟ್ಟಿದ್ರ ಚೆಲ್ಲಲಿ ವಕೀಲಸಾಹೇಬರ, ನಾ ಬ್ಯಾಡ ಅನ್ನಂಗಿಲ್ಲ. ಕೆಟ್ಟಿತ್ತೋ ಇಲ್ಲೋ ಅಂತ ಯಾರು ನೋಡಿದ್ರು, ಅಷ್ಟ ಹೇಳ್ರಿ" ಎಂದಳು. ಪೆಕ್‌ಹ್ಯಾಮರ ತೀರ್ಪಿನ ಎರಡನೆಯ ಅರ್ಧವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದವರನ್ನು ನಾನು ಕಂಡಿಲ್ಲ. ಆದರೆ ಗಟಾರವನ್ನು ಪರೀಕ್ಷಕನ ಬಳಿಗೆ ಕಳಿಸುವದು ಹೇಗೆ?

ಕಾಯಿದೆಯಲ್ಲಿ ಉಪಾಯವಿಲ್ಲವೆಂದಲ್ಲ. ಯುಕ್ತವಾದ ಕಾರಣವಿಲ್ಲದೆ ಪೀಡಿಸುವದಕ್ಕಾಗಿ ಜಪ್ತಿ ಮಾಡಿದ ಅಧಿಕಾರಿಗೆ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವನ್ನು 39ನೆಯ ಕಲಮು ವಿಧಿಸುತ್ತದೆ. ಇದನ್ನು ಓದಿ ಸಂತೋಷಪಡುವಷ್ಟರಲ್ಲಿಯೇ ಅದರ ಬಾಲದಲ್ಲಿ ಒಂದು ಕೊಂಡಿಯು ಕಾಣುವದು: ಅಧಿಕಾರಿಯ ಮೇಲಿನ ದೂರು ಸುಳ್ಳೆಂದು ಕಂಡುಬಂದರೆ ದೂರಿದವನಿಗೆ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲದೆ, ಒಂದು ಲಕ್ಷದ ವರೆಗೆ ದಂಡ! ಅಧಿಕಾರಿಯ ದಂಡಕ್ಕೆ ಕನಿಷ್ಠ ಮಿತಿಯಿಲ್ಲ, ಬಡವನ ದಂಡಕ್ಕೆ ಮಾತ್ರ ಇದೆ. ಈ ಮೊತ್ತವನ್ನು ನಾನು ಹೇಳಿದಾಗ ಆ ಮುದುಕಿಯು ನಕ್ಕುಬಿಟ್ಟಳು. ಬಯ್ದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಪುರಾವೆ ಸಾಲದ್ದಕ್ಕೆ ಬಿದ್ದುಹೋದ ದೂರಿಗೂ, ಬೇಕೆಂದೇ ಕಟ್ಟಿದ ಸುಳ್ಳಿಗೂ ಇರುವ ಅಂತರವನ್ನು ನಾವು ವಕೀಲರು ಬಲ್ಲೆವು. ತಲೆಯ ಮೇಲೆ ಕೊಡ ಹೊತ್ತು ಹೋಗುವವಳು ಅದನ್ನು ನಂಬಿ ಐವತ್ತು ಸಾವಿರದ ಜೂಜನ್ನು ಆಡಬೇಕೇ?

ಆದುದರಿಂದ ಸೊತ್ತಿನ ಹಕ್ಕಿನ ಕಹಳೆಯನ್ನು ಊದುವ ನನ್ನ ಮಿತ್ರರಿಗೆ ನಾನು ಹೇಳುವದಿಷ್ಟು: ನಿಮಗೆ ನಿಜವಾದ ಕಳವಳವಿದ್ದರೆ ಜಪ್ತಿಯನ್ನು ತಡೆಯಿರೆಂದು ಕೋರ್ಟಿಗೆ ಓಡಬೇಡಿರಿ, 39ನೆಯ ಕಲಮಿನ ಆ ಬಾಲವನ್ನು ಕತ್ತರಿಸಿರೆಂದು ಸಂಸತ್ತಿಗೆ ಬರೆಯಿರಿ. ತಂಪಿನ ಕೋಣೆಯಿದ್ದ ದೊಡ್ಡ ಉಗ್ರಾಣದ ಪರವಾಗಿ ಹೈಕೋರ್ಟಿನಲ್ಲಿ ನಿಲ್ಲಲು ನೀವು ಹತ್ತು ಮಂದಿ ಇದ್ದೀರಿ; ಸಂತೆಯ ಕೊಡದ ಪರವಾಗಿ ಒಬ್ಬರೂ ಇಲ್ಲ. ಊರಿನ ಶಿಕ್ಷಕ ಬಂಧುಗಳಲ್ಲಿಯೂ ನನ್ನದೊಂದು ಬಿನ್ನಹವಿದೆ. ಮುಂದಿನ ಸಂತೆಯ ದಿನ ಅಧಿಕಾರಿಯು ಬುಟ್ಟಿಯನ್ನು ಎತ್ತುವಾಗ ಅವನ ಕೈಯನ್ನು ತಡೆಯಬೇಡಿರಿ. ಹತ್ತಿರ ಹೋಗಿ ನಿಂತು ಮಾದರಿಯನ್ನು ನಾಲ್ಕು ಭಾಗ ಮಾಡಿದನೋ, ಮುದ್ರೆಯೊತ್ತಿದನೋ, ಮಾರುವವಳ ಕೈಗೆ ಕಾಗದ ಕೊಟ್ಟನೋ ಎಂಬದನ್ನು ನೋಡಿರಿ. ಕೊಡದಿದ್ದರೆ ತಾರೀಖು, ವೇಳೆ, ಅವನ ಹುದ್ದೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೆಳಗೆ ನಿಮ್ಮ ಸಹಿಯನ್ನು ಹಾಕಿ ಆಕೆಗೆ ಕೊಡಿರಿ. ಅಂಥ ಒಂದು ಚೀಟಿ ಆ ದಿನ ಮುದುಕಿಯ ಸೆರಗಿನಲ್ಲಿ ಇದ್ದಿದ್ದರೆ ನಾನು ದಾವೆಯನ್ನು ಹೂಡುತ್ತಿದ್ದೆನು.